ಅವ್ವ ಕೇಳಿದ ಪಾಲು

ಒಂದು ದೋಸೆಯನ್ನು ಇಬ್ಬರು ಹರಿದುಕೊಂಡು ತಿನ್ನಬಹುದು, ಒಂದು ಕೊಡೆಯಡಿ ಇಬ್ಬರು ಅರ್ಧರ್ಧ ನೆನೆದಾದರೂ ಮನೆ ಸೇರಬಹುದು; ಆದರೆ ಒಂದು ಗಾಣವನ್ನು ಇಬ್ಬರು ಹಂಚಿಕೊಳ್ಳುವುದು ಹೇಗೆಂಬ ಸಮಸ್ಯೆಗೆ ಯಾವ ಶಾಸ್ತ್ರದಲ್ಲೂ ಸಮಾಧಾನವಿಲ್ಲವೆಂಬುದು, ಓದುಗ ಮಹಾಶಯರೇ, ನನ್ನ ಸ್ವಾನುಭವ.

ಮಾಗಡಿಯಲ್ಲಿ ನಮ್ಮದು ಒಂಟೆತ್ತಿನ ಗಾಣ, ಅದರ ಮುಂದೆಯೇ ಎಣ್ಣೆ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಗಾಣ ನೋಡಿಕೊಂಡ. ನಾಲ್ಕಕ್ಷರ ಇಂಗ್ಲಿಷು ಕಲಿತಿದ್ದ ಮಹಾಪಂಡಿತನಾದ ನಾನು ಅಂಗಡಿಯ ಗಾದಿಯನ್ನು ಅಲಂಕರಿಸಿದೆ. ಎಣ್ಣೆ ತೆಗೆಯುವವನು ದೊಡ್ಡವನೋ ಮಾರುವವನೋ ಎಂಬ ಜಿಜ್ಞಾಸೆ ಕ್ರಮೇಣ ಜಗಳವಾಗಿ, ಜಗಳ ಪಾಲಿನ ಹಟವಾಗಿ, ಒಂದೇ ಗಾಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕ್ಲೋಸ್‌ಪೇಟೆಯ ವಕೀಲರಲ್ಲಿಗೆ ಹೋದೆವು. ಅವ್ವನ ವಿಷಯದಲ್ಲಿ ಮಾತ್ರ ನಮ್ಮದು ಏಕಾಭಿಪ್ರಾಯ: ಆರು ತಿಂಗಳು ಅವನಲ್ಲಿ, ಆರು ತಿಂಗಳು ನನ್ನಲ್ಲಿ. ಅವಳನ್ನೇ ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ವಕೀಲರು ಕನ್ನಡಕ ಒರೆಸಿಕೊಂಡು, “ಕಾನೂನು ಬದಲಾಗಿದೆಯಪ್ಪ. ಮಹಾರಾಜರ ಸರ್ಕಾರ ಈಗ ತಾಯಿಗೂ ಪಾಲು ಕೊಟ್ಟಿದೆ. ಮೊದಲು ಆಕೆಯನ್ನು ಕೇಳಿಕೊಂಡು ಬನ್ನಿ,” ಎಂದರು.

ಅವ್ವ ಕಡಲೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. “ಹಂಗಾರೆ ನಂಗೂ ಐತೆ ಅನ್ನು,” ಎಂದು ಮಡಿಲಿನ ಸಿಪ್ಪೆ ಕೊಡವಿ, “ಗಾಣ ಅವನು ಮಡಿಕ್ಕಳ್ಳಿ, ಅಂಗಡಿ ನೀನು ಮಡಿಕ್ಕೊ. ನಂಗೆ ಎತ್ತು ಸಾಕು,” ಅಂದಳು.

ಇಷ್ಟು ಸುಲಭದಲ್ಲಿ ಮುಗಿಯಿತೆಂದು ಒಳಗೊಳಗೇ ಹಿಗ್ಗಿದೆವು. ಅವ್ವ ಎತ್ತನ್ನು ಹಿತ್ತಲಲ್ಲಿ ಕಟ್ಟಿ, ಹುಲ್ಲು ಹಾಕಿ, ಬೆನ್ನು ಸವರುತ್ತ ಕೂತಳು. ಅಣ್ಣ ಸಂತೆಯಿಂದ ತಂದ ಹೊಸ ಎತ್ತು, ಕಣ್ಣಿಗೆ ಬಟ್ಟೆ ಕಟ್ಟಿದೊಡನೆ ರಾತ್ರಿಯಾಯಿತೆಂದು ಭಾವಿಸಿ ಮಲಗಿಬಿಟ್ಟಿತು, ಎಬ್ಬಿಸಿದಷ್ಟೂ ಮಲಗಿತು. ಗಾಣ ನಿಂತ ಮೇಲೆ ನನ್ನ ಅಂಗಡಿಯಲ್ಲಿ ಮಾರಲು ಉಳಿದದ್ದು ನನ್ನ ಇಂಗ್ಲಿಷು ಮಾತ್ರ. ಅದನ್ನು ಒಗ್ಗರಣೆಗೆ ಕೊಳ್ಳುವವರಿರಲಿಲ್ಲ.

ಕೊನೆಗೆ ಇಬ್ಬರೂ ಹಿತ್ತಲಿಗೆ ಹೋಗಿ ನಿಂತೆವು.

“ಎತ್ತ ಒಸಿ ಕೊಡವ್ವ,” ಎಂದ ಅಣ್ಣ.

“ಕೊಡ್ತೀನಿ ಕಣ್ಲಾ. ಆದ್ರೆ ಗಾಣ, ಅಂಗಡಿ ಎಲ್ಡೂ ಒಂದೇ ಆಗಿರ್ಬೇಕು. ನನ್ನನ್ನ ಕೊಡಪಾನದಂಗೆ ಆ ಮನೆಗೊಂದ್ಸಲ, ಈ ಮನೆಗೊಂದ್ಸಲ ಸಾಗಿಸೋ ಮಾತು ಇನ್ನು ಬ್ಯಾಡ. ನಾನು ಇಲ್ಲೇ ಇರ್ತೀನಿ. ಇರೋದಾದ್ರೆ ನೀವು ನನ್ ಜತೆ ಇರಿ.”

ನಾವಿಬ್ಬರೂ ಎತ್ತಿನ ಕಾಲು ನೋಡುತ್ತ ನಿಂತೆವು. ಅಣ್ಣನೇ ಮುಂದಾಗಿ ಹಗ್ಗ ಬಿಚ್ಚಿದ.

ಕೆಲವು ದಿನಗಳ ಮೇಲೆ, ಹುಚ್ಚೆಳ್ಳಿನ ಮೂಟೆ ತಂದ ಕಲ್ಯ ಗ್ರಾಮದ ರೈತನೊಬ್ಬ, “ಇಲ್ಲಿ ಯಜಮಾನ್ರು ಯಾರು?” ಎಂದು ಕೇಳಿದ. ಯಾವ ವಿಷಯಕ್ಕೂ ಒಮ್ಮತವಿಲ್ಲದ ಸಹೋದರದ್ವಯ ಏಕಕಾಲಕ್ಕೆ ಅವ್ವನತ್ತ ಕೈ ತೋರಿಸಿತು.

ಎತ್ತು ಹೂಡುತ್ತಿದ್ದ ಅವ್ವ ಓರೆಗಣ್ಣಿನಲ್ಲೊಮ್ಮೆ ನೋಡಿದಳು. “ಕೈ ತೋರಿಸ್ಕೊಂಡು ನಿಂತ್ರೆ ಆಯ್ತದೇನ್ರಲಾ? ಮೂಟೆ ಇಳಿಸ್ಕಳಿ,” ಎಂದಳು.