ಡಬ್ಬಿ ಖಾಲಿ ಬರುತ್ತಿತ್ತು

ಮಗಳನ್ನು ಯುಕೆಜಿಗೆ ಸೇರಿಸಿದ ಜೂನ್ ತಿಂಗಳಿಡೀ ಅವಳ ಊಟದ ಡಬ್ಬಿ ಹೋದ ಹಾಗೇ ವಾಪಸ್ ಬಂತು. ಉಪ್ಪಿಟ್ಟು ಹಾಕಿದರೆ ಉಪ್ಪಿಟ್ಟು, ಅವಲಕ್ಕಿ ಹಾಕಿದರೆ ಅವಲಕ್ಕಿ. ಚಮಚ ಕೂಡ ನಾನು ಇಟ್ಟ ಕಡೆಯೇ ಇರುತ್ತಿತ್ತು. ಸಂಜೆ ನಾಲ್ಕಕ್ಕೆ ಮನೆಗೆ ಬಂದವಳು ಬೂಟು ಬಿಚ್ಚುವ ಮೊದಲೇ ಬಿಸ್ಕತ್ತು ಹುಡುಕುತ್ತಿದ್ದಳು. ಐದು ವರ್ಷದ ಮಗು, ತೋಳು ಹಿಡಿದರೆ ಮೂಳೆಯೇ ಕೈಗೆ ಸಿಗುತ್ತಿತ್ತು.

ನಾನು ಹೊಸನಗರದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ರಿಪ್ಪನ್‌ಪೇಟೆಯಲ್ಲಿ. ಮಗಳು ಹೋಗುವುದು ಅಲ್ಲಿಯದೇ ಒಂದು ಖಾಸಗಿ ಶಾಲೆಗೆ. ಸರ್ಕಾರಿ ಶಾಲೆಯ ಟೀಚರ್ ಆಗಿ ಮಗಳನ್ನು ಅಲ್ಲಿಗೆ ಯಾಕೆ ಕಳಿಸುತ್ತೀರಿ ಎಂದು ಕೇಳಿದವರಿಗೆ ಹೇಳಲು ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಹಾಗಾಗಿ ಆ ವಿಷಯಕ್ಕೆ ಇಲ್ಲಿ ಹೋಗುವುದಿಲ್ಲ. ಹೇಳಬೇಕಾದದ್ದು ಇಷ್ಟು: ಪ್ರತಿ ವರ್ಷ ಬೋರ್ಡಿನ ಮೇಲೆ ಸಮತೋಲನ ಆಹಾರದ ಚಿತ್ರ ಬರೆದು, ಯಾವುದರಲ್ಲಿ ಪ್ರೋಟೀನು, ಯಾವುದರಲ್ಲಿ ಕಬ್ಬಿಣ ಎಂದು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳ ಮಗಳೇ ಉಣ್ಣುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಅಪ್ಪನ ಕಾಲಕ್ಕೆ ನಮ್ಮ ಹೆಸರಿಗಾಯಿತು, ಆದರೆ ಶಾಲೆಗೆ ಹೋಗುವುದು ಅಂತ ಒಂದು ಕೆಲಸ ಇದೆ ಎಂಬುದು ಮನೆಗೆ ಗೊತ್ತಾದದ್ದು ನನ್ನಿಂದ. ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದಿದೆ. ಭೌತಶಾಸ್ತ್ರ ಒಂದು ಸಲ ಕೈ ಕೊಟ್ಟಿತು, ಮತ್ತೆ ಕಟ್ಟಿ ಪಾಸು ಮಾಡಿದೆ. ಯಾರೂ ಕೈ ಹಿಡಿದು ಹೇಳಿಕೊಡಲಿಲ್ಲ. ಗೊತ್ತಿಲ್ಲದ್ದನ್ನು ಹುಡುಕಿ ಓದಿ ಕಲಿಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮಗಳು ಉಣ್ಣದಿದ್ದಾಗಲೂ ಅದನ್ನೇ ಮಾಡಿದೆ. ಫೋನಿನಲ್ಲಿ ಹುಡುಕಿದೆ.

ಸಿಕ್ಕಿದ್ದು ಬೆಂಟೊ. ಜಪಾನಿನ ತಾಯಂದಿರು ಮಕ್ಕಳಿಗೆ ಕಟ್ಟುವ ಬುತ್ತಿ. ಡಬ್ಬಿಯೊಳಗೆ ಖಾನೆಗಳ ಹಾಗೆ ಸಣ್ಣ ಸಣ್ಣ ಮನೆಗಳು, ಒಂದೊಂದರಲ್ಲಿ ಒಂದೊಂದು ಬಣ್ಣದ ತಿಂಡಿ, ಅನ್ನಕ್ಕೆ ಕಣ್ಣು ಮೂಗು. ನೋಡಿದರೆ ನನಗೇ ತಿನ್ನಬೇಕು ಅನ್ನಿಸಿತು. ಅವರು ಹಾಕುವ ಸಾಮಾನು ಒಂದೂ ರಿಪ್ಪನ್‌ಪೇಟೆಯಲ್ಲಿ ಸಿಗುವುದಿಲ್ಲ. ಮನೆಗಳಿರುವ ಒಂದು ಡಬ್ಬಿ ಮಾತ್ರ ತರಿಸಿಕೊಂಡು, ಸಿಗುವುದರಲ್ಲೇ ಶುರು ಮಾಡಿದೆ. ಬಸಳೆ ಸೊಪ್ಪು ರುಬ್ಬಿ ಹಾಕಿದ ಹಸಿರು ದೋಸೆ ಕಪ್ಪೆ ಆಯಿತು. ಬೀಟ್ರೂಟ್ ಹಾಕಿದ ಅಕ್ಕಿ ರೊಟ್ಟಿಯನ್ನು ಲೋಟದ ಬಾಯಿಂದ ಒತ್ತಿ ಕತ್ತರಿಸಿ ಅಂಚಿಗೆ ಎಸಳು ಕೊಯ್ದರೆ ಹೂವು. ಸಣ್ಣ ಇಡ್ಲಿಗೆ ಸೌತೆಕಾಯಿಯ ಎರಡು ಕಿವಿ, ಒಣದ್ರಾಕ್ಷಿಯ ಕಣ್ಣು, ಅದು ಮೊಲ. ರೊಟ್ಟಿಯನ್ನು ಉದ್ದಕ್ಕೆ ಕತ್ತರಿಸಿ ಕ್ಯಾರೆಟ್ಟಿನ ಚಕ್ರ ಇಟ್ಟ ದಿನ ಮಗಳು ಕೂಗಿದಳು, "ಅಮ್ಮ, ಸಾಗರದ ಬಸ್ಸು!" ಡಬ್ಬಿಯ ಪಕ್ಕದ ಮನೆಯಲ್ಲಿ ಮೊಳಕೆ ಹೆಸರುಕಾಳು, ಇನ್ನೊಂದರಲ್ಲಿ ಬಾಳೆಹಣ್ಣು ಅಥವಾ ಪಪ್ಪಾಯಿ. ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ನಾನು ಹೊರಡಬೇಕು, ಹಾಗಾಗಿ ಐದಕ್ಕೇ ಎದ್ದು ಒಲೆ ಹಚ್ಚುತ್ತಿದ್ದೆ. ಭಾನುವಾರ ಕೂತು ಇಡೀ ವಾರದ್ದು ವೇಳಾಪಟ್ಟಿ ಬರೆಯುತ್ತಿದ್ದೆ, ಪಾಠಯೋಜನೆ ಬರೆದ ಹಾಗೆ.

ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡ ತಮ್ಮ ಡಬ್ಬಿ ತೆಗೆದುಕೊಂಡು ಹೋಗುವಾಗ, "ನಂಗೂ ಒಂದು ಮೊಲ ಹಾಕೆ, ಅಂಗಡೀಲಿ ನಾನೂ ತೋರಿಸ್ತೀನಿ" ಎನ್ನುತ್ತಿದ್ದರು.

ಆಗಸ್ಟಿನಲ್ಲಿ ನಾಲ್ಕು ದಿನ ಇದ್ದು ಹೋಗಲು ಬಂದ ನನ್ನ ಅವ್ವ ಅಡಿಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.

"ಎಂತ ಮಾರಾಯ್ತಿ ಇದು?"

"ಬೆಂಟೊ. ಜಪಾನಿನ ಬುತ್ತಿ."

"ಬುತ್ತಿಯಾ? ಗುಬ್ಬಿಗೋ, ಮಗೀಗೋ?"

"ಇಷ್ಟೇ ಸಾಕು ಅವ್ವ, ಎಲ್ಲಾ ಅಳತೆ ಮಾಡಿ ಹಾಕಿದ್ದು."

"ಹಸಿವಿಗೂ ಅಳತೆ ಮಾಡ್ತೀಯಲ್ಲ ನೀನು," ಎಂದು ಅವ್ವ ಎಲೆ ಅಡಿಕೆ ಹಾಕಿಕೊಂಡು ಹೊರಗೆ ಹೋಗಿ ಕೂತಳು.

ಅವ್ವ ಏನೇ ಅನ್ನಲಿ, ಡಬ್ಬಿ ಖಾಲಿ ಬರತೊಡಗಿತು. ಸಂಜೆ ನಾನು ಮೊದಲು ಮಾಡುತ್ತಿದ್ದ ಕೆಲಸ ಡಬ್ಬಿಯ ಮುಚ್ಚಳ ತೆಗೆಯುವುದು. ಒಂದು ಅಗಳೂ ಇರುತ್ತಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಪೂರ್ತಿ ಅಂಕ ಬಂದ ಹಾಗೆ ಖುಷಿಯಾಗುತ್ತಿತ್ತು. ಎರಡು ತಿಂಗಳಲ್ಲಿ ಮಗಳ ಕೆನ್ನೆ ತುಂಬಿತು. ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗಲೆಲ್ಲ ಮುಳ್ಳು ಸ್ವಲ್ಪ ಮುಂದಕ್ಕೇ ಹೋಗುತ್ತಿತ್ತು.

ದಸರಾ ರಜೆಯ ಕೊನೆಗೆ ಭೂಮಿ ಹುಣ್ಣಿಮೆ ಬಂತು. ನಾವು ಹಬ್ಬಕ್ಕೆ ಅವ್ವನ ಮನೆಗೆ ಹೋದೆವು. ನಮ್ಮ ಕಡೆ ಆ ಹೊತ್ತಿಗೆ ಭತ್ತ ಹೊಡೆಯೊಡೆದು ತೆನೆ ಇಣುಕುತ್ತದೆ. ಭೂಮಿ ಬಸುರಿ ಎನ್ನುತ್ತೇವೆ. ಬಸುರಿಗೆ ಬಯಕೆಯ ಊಟ ಬಡಿಸುವುದೇ ಹಬ್ಬ. ಅವ್ವ ವಾರದ ಮೊದಲೇ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿ ಗೆರೆಯಲ್ಲಿ ಚಿತ್ತಾರ ಬರೆದಿಟ್ಟಿದ್ದಳು. ಈ ವರ್ಷ ಬುಟ್ಟಿಯ ಒಂದು ಬದಿ ಖಾಲಿ ಬಿಟ್ಟು, ನಾವು ಹೋದ ಮೇಲೆ ಮೊಮ್ಮಗಳ ಕೈಗೂ ಕಡ್ಡಿ ಕೊಟ್ಟಳು. ಮಗಳು ಅಲ್ಲಿ ಬರೆದದ್ದು ಮೊಲ.

ಹಬ್ಬದ ದಿನ ಬೆಳಗಿನ ಜಾವ ಆ ಬುಟ್ಟಿಯಲ್ಲಿ ಕಡುಬು, ಬುತ್ತಿ, ನೂರೆಂಟು ಸೊಪ್ಪು ಬೇಯಿಸಿದ ಹಚ್ಚಂಬಲಿ ತುಂಬಿಕೊಂಡು ಗದ್ದೆಗೆ ಹೋದೆವು. ಮಗಳು ಅವ್ವನ ಸೆರಗು ಹಿಡಿದೇ ಇದ್ದಳು. ಅವ್ವ ಹಚ್ಚಂಬಲಿಯನ್ನು ಗದ್ದೆಗೆ ಬೀರಿದಳು. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ ಇಟ್ಟಳು. ಒಂದು ಕಡುಬನ್ನು ಮಣ್ಣಲ್ಲಿ ಹೂಳಿದಳು. ಅಕ್ಕಪಕ್ಕದ ಗದ್ದೆಯವರನ್ನು ಕರೆದು ಅವರಿಗೂ ಕೊಟ್ಟಳು. ಆಮೇಲೆ ನಾವು ಗದ್ದೆಯ ಅಂಚಿನ ಮೇಲೆ ಕೂತು ಉಂಡೆವು. ಪ್ರತಿ ವರ್ಷ ನಡೆಯುವುದೇ ಅದು. ನಾನು ವಿಶೇಷವಾಗಿ ಏನನ್ನೂ ಗಮನಿಸಲಿಲ್ಲ.

ಶಾಲೆ ಮತ್ತೆ ಶುರುವಾಯಿತು. ಡಬ್ಬಿ ಮೊದಲಿಗಿಂತ ಚೊಕ್ಕವಾಗಿ ಬರತೊಡಗಿತು, ನೆಕ್ಕಿದ ಹಾಗೆ. ಆದರೆ ಮಗಳು ಸಂಜೆ ಬಂದವಳೇ ಬೆಳಗಿನ ತಣ್ಣನೆ ರೊಟ್ಟಿಯನ್ನು ನಿಂತುಕೊಂಡೇ ತಿನ್ನುತ್ತಿದ್ದಳು. ಎರಡನೇ ವಾರ ತರಗತಿಯಲ್ಲಿ ತಲೆ ಸುತ್ತುತ್ತದೆ ಎಂದು ಮಲಗಿದ್ದಳಂತೆ. ತೂಕ ನೋಡಿದರೆ ಒಂದು ಕೆಜಿ ಇಳಿದಿತ್ತು. ಜಂತುಹುಳದ ಔಷಧಿ ಕುಡಿಸಿದೆ. ರಕ್ತಪರೀಕ್ಷೆ ಮಾಡಿಸಿದೆ, ಅದರಲ್ಲಿ ಏನೂ ಇರಲಿಲ್ಲ. ಊಟ ಸರಿಯಾಗಿ ಮಾಡ್ತಾಳಾ ಎಂದು ಡಾಕ್ಟರು ಕೇಳಿದಾಗ, "ಒಂದು ಅಗಳೂ ಬಿಡಲ್ಲ ಸರ್" ಎಂದು ಗಟ್ಟಿಯಾಗಿಯೇ ಹೇಳಿದೆ.

ಆ ಶನಿವಾರ ಮಗಳನ್ನು ಕರೆತರಲು ಹೋದಾಗ ಶಾಲೆಯ ಆಯಾ ನನ್ನನ್ನು ಗೇಟಿನ ಪಕ್ಕಕ್ಕೆ ಕರೆದರು.

"ಮೇಡಂ, ಬೇಜಾರ್ ಮಾಡ್ಕಬೇಡಿ. ನಿಮ್ ಮಗು ಊಟ ಮಾಡ್ತಿಲ್ಲ."

"ಡಬ್ಬಿ ಖಾಲಿ ಬರ್ತಿದೆಯಲ್ಲ ಅಕ್ಕಾ?"

"ಖಾಲಿ ಆಗದೆ ಎಂತಾಗ್ತದೆ? ಎಲ್ರಿಗೂ ಬಡಿಸ್ತಾಳಲ್ಲ! ಮೊದ್ಲು ಕಾಂಪೌಂಡ್ ಮೇಲೆ ಕಾಗೆಗೆ ಇಡ್ತಾಳೆ. ಆಮೇಲೆ ದಾಸವಾಳದ ಬುಡ ಕೆದಕಿ ಒಂದ್ ಚೂರು ಹೂಳ್ತಾಳೆ. ಆಮೇಲೆ ಮಕ್ಕಳ ಪಂಕ್ತಿ. ನಂಗೂ ಒಂದು ಕ್ಯಾರೆಟ್ ಬಂತು, ಬೇಡ ಅಂದ್ರೆ ಬಿಡ್ತಾಳಾ? ಇಲಿಗೆ ಅಂತ ಕ್ಲಾಸಿನ ಮೂಲೇಲಿ ಇಟ್ಟಿದ್ಲು, ಇರುವೆ ಬಂದು ಮಿಸ್ ಹತ್ರ ಬೈಸ್ಕಂಡವಳು ನಾನು."

ಆಯಾ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಆರು ಇಡ್ಲಿ ಚೂರು, ನಾಲ್ಕು ಕ್ಯಾರೆಟ್ಟು, ಒಂದು ಹಿಡಿ ಕಾಳು. ಅಳತೆ ಮಾಡಿ ಹಾಕಿದವಳು ನಾನೇ. ಅಷ್ಟರಲ್ಲಿ ಇಷ್ಟು ಜನಕ್ಕೆ ಕೊಟ್ಟರೆ ಉಳಿಯುವುದು ಡಬ್ಬಿ ಮಾತ್ರ.

ಮನೆಗೆ ನಡೆಯುತ್ತಾ ಮಗಳನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನೋ ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

"ಅಜ್ಜಿ ಹಂಗೇ ಮಾಡಿದ್ದಲ್ವಾ? ಚಿತ್ತಾರ ಮಾಡಿದ್ದು ಭೂಮಿಗೆ, ಕಾಗೆಗೆ, ಎಲ್ಲರಿಗೆ. ಚಿತ್ತಾರ ಇಲ್ದಿದ್ದು ಮನೇಲಿ ತಿನ್ನೋದು."

"ನಿಂಗೆ ಹಸಿವಾಗಲ್ವಾ?"

"ಆಗ್ತದೆ."

"ಮತ್ತೆ?"

"ಮತ್ತೆ ನೀನು ದಿನಾ ಯಾಕೆ ಚಿತ್ತಾರ ಮಾಡ್ತೀಯ?"

ನಾನು ಅವಳ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿಕೊಂಡೆ.

ಅವ್ವನಿಗೆ ಫೋನ್ ಮಾಡಿ ದೂರು ಹೇಳಿದೆ. ನಿನ್ನಿಂದಲೇ ಆಯಿತು ಎನ್ನುವ ಧಾಟಿಯಲ್ಲೇ ಮಾತಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡು ಹೇಳಿದಳು.

"ನಾವೂ ಕೂತು ಉಂಡ್ವಲ್ಲೇ ಕೊನೀಗೆ? ಮಗು ಅದನ್ನ ನೋಡ್ಲೇ ಇಲ್ಲ. ನಿನ್ ಗಂಡನ ತೊಡೆ ಮೇಲೆ ನಿದ್ದೆ ಹೋಗಿತ್ತು. ನಾನು ಏಳ್ಸೋಕೆ ಹೋದ್ರೆ ನೀನೇ ಬೇಡ ಅಂದೆ. ಬೇಗ ಎದ್ದಿದೆ, ಮಕ್ಕಳಿಗೆ ಇಷ್ಟು ಗಂಟೆ ನಿದ್ದೆ ಬೇಕು ಅಂತ ಲೆಕ್ಕ ಹೇಳ್ದೆ."

ಹೌದು, ಹೇಳಿದ್ದೆ. ಮಗಳು ನೋಡಿದ್ದು ಹಬ್ಬದ ಅರ್ಧ ಮಾತ್ರ. ಕೊಡುವುದನ್ನು ಪೂರ್ತಿ ನೋಡಿದ್ದಳು, ಉಣ್ಣುವ ಹೊತ್ತಿಗೆ ಮಲಗಿದ್ದಳು.

ಸೋಮವಾರ ಚಿತ್ತಾರ ಬಿಟ್ಟು ಹಳೆಯ ಸ್ಟೀಲ್ ಡಬ್ಬಿಯಲ್ಲಿ ಬರೀ ಚಿತ್ರಾನ್ನ ಹಾಕಿ ಕಳಿಸಿದೆ. ಜೂನ್ ತಿಂಗಳಿನಂತೆಯೇ ಹಾಗೇ ವಾಪಸ್ ಬಂತು. ಮನೆಯಲ್ಲಿ ತಿನ್ನುವುದಲ್ಲವೇ ಅದು, ಮನೆಗೆ ತಂದು ತಿಂದಳು. ಇನ್ನು ಉಳಿದದ್ದು ಒಂದೇ ದಾರಿ, ಯಾರಿಗೂ ಕೊಡಬೇಡ ಎಂದು ಹೇಳುವುದು. ಎರಡು ಸಲ ಹೇಳಲು ಹೊರಟೆ. ನಾನು ಚಿಕ್ಕವಳಿದ್ದಾಗ ಶಾಲೆಗೆ ಒಯ್ಯುತ್ತಿದ್ದ ಡಬ್ಬಿಯಲ್ಲಿ ಕೆಂಪಕ್ಕಿ ಅನ್ನ, ಮಜ್ಜಿಗೆ, ಒಂದು ಉಪ್ಪಿನಕಾಯಿ. ಅಡಿಕೆ ತೋಟವಿದ್ದ ಅನುಕೂಲಸ್ಥರ ಮನೆಗಳ ಹುಡುಗಿಯರು ಚಪಾತಿ ಬಿಚ್ಚುವಾಗ ನಾನು ಗೋಡೆಗೆ ಮುಖ ಮಾಡಿ ಕೂತು ಬೇಗ ಬೇಗ ಉಂಡು ಡಬ್ಬಿ ತೊಳೆಯುತ್ತಿದ್ದೆ. ಯಾರೂ ನನ್ನನ್ನು ಹಾಗೆ ಕೂರು ಎಂದಿರಲಿಲ್ಲ, ನಾನೇ ಕೂತಿದ್ದೆ. ನನ್ನ ಮಗಳು ನಡುವೆ ಕೂತು ಡಬ್ಬಿ ತೆರೆದು ಎಲ್ಲರಿಗೂ ಬಡಿಸುತ್ತಿದ್ದಾಳೆ. ಅವಳಿಗೆ ಕೊಡಬೇಡ ಎಂದು ನಾನು ಹೇಗೆ ಹೇಳಲಿ?

ಬುಧವಾರ ಅರ್ಧ ದಿನ ರಜೆ ಹಾಕಿದೆ. ಹದಿನೆಂಟು ಸಣ್ಣ ಇಡ್ಲಿ ಮಾಡಿ ಎಲ್ಲದಕ್ಕೂ ಕಿವಿ ಇಟ್ಟು, ಜೊತೆಗೆ ಮೊಳಕೆ ಕಾಳು ಸೇರಿಸಿ, ಗಂಡನ ಮೂರು ಅಂತಸ್ತಿನ ಕ್ಯಾರಿಯರಿನಲ್ಲಿ ತುಂಬಿಕೊಂಡು ಊಟದ ಹೊತ್ತಿಗೆ ಶಾಲೆಗೆ ಹೋದೆ. ಪೋಷಕರನ್ನು ಆ ಹೊತ್ತಿನಲ್ಲಿ ಒಳಗೆ ಬಿಡುವುದಿಲ್ಲ ಎಂದು ಆಫೀಸಿನಲ್ಲಿ ಹೇಳಿದರು. ಆಯಾ, "ಹೊರಗಿನ ಜಗಲಿ ಒಳಗಲ್ಲವಲ್ಲ ಬಿಡಿ" ಎಂದು ಅವರೆದುರಿಗೇ ನನ್ನನ್ನು ಜಗಲಿಯಲ್ಲಿ ಕೂರಿಸಿ ಮಗಳನ್ನು ಕಳಿಸಿದರು.

ಮಗಳಿಗೆ ನಾನು ಬಂದದ್ದು ಆಶ್ಚರ್ಯವಾಗಲಿಲ್ಲ. ಕ್ಯಾರಿಯರ್ ತೆಗೆದು ಮೊಲಗಳನ್ನು ನೋಡಿ ಕೆಲಸಕ್ಕೆ ಹೊರಟಳು. ಕಾಂಪೌಂಡಿನ ಮೇಲೆ ಒಂದು. ದಾಸವಾಳದ ಬುಡಕ್ಕೆ ಅರ್ಧ. ಕಿಟಕಿಯಿಂದ ಕೈ ಚಾಚಿದ ಏಳೆಂಟು ಮಕ್ಕಳಿಗೆ ಒಂದೊಂದು. ಆಯಾಗೆ ಒಂದು. ಬಂದು ನನ್ನ ಪಕ್ಕ ಕೂತು ಲಂಗಕ್ಕೆ ಕೈ ಒರೆಸಿಕೊಂಡು ಮುಚ್ಚಳ ಹಾಕಲು ಹೋದಳು.

"ಇರು," ಎಂದೆ. "ಇನ್ನೂ ಮುಗಿದಿಲ್ಲ."

"ಇನ್ನೆಂತ?"

"ಇನ್ನು ಗದ್ದೆಗೆ ಹೊತ್ತುಕೊಂಡು ಬಂದವರು ತಿನ್ನಬೇಕು. ಅಜ್ಜಿ ತಿಂದ್ರು, ಅಪ್ಪ ತಿಂದ್ರು, ನಾನೂ ತಿಂದೆ. ನೀನು ಮಲಗಿದ್ದೆ."

"ನಾನು ಮಲಗಿರ್ಲಿಲ್ಲ."

"ಗೊರಕೆ ಹೊಡೀತಿದ್ದೆ."

ಅವಳು ನನ್ನ ಮುಖ ನೋಡಿದಳು, ಸುಳ್ಳು ಹೇಳುತ್ತಿದ್ದೇನೋ ಎಂಬಂತೆ. ನಾನು ಒಂದು ಮೊಲವನ್ನು ಕಿವಿ ಸಮೇತ ಬಾಯಿಗೆ ಹಾಕಿಕೊಂಡೆ. ಅವಳು ನನ್ನ ದವಡೆಯನ್ನೇ ನೋಡುತ್ತಿದ್ದಳು. ಎರಡನೆಯದಕ್ಕೆ ಕೈ ಹಾಕಿದಾಗ, "ಅದು ನಂದು" ಎಂದು ಕಿತ್ತುಕೊಂಡಳು. ಆರು ತಿಂದಳು. ಕಾಳನ್ನು ಪೂರ್ತಿ ತಿನ್ನಲಿಲ್ಲ, ನಾನು ಒತ್ತಾಯ ಮಾಡಲಿಲ್ಲ.

ಮರುದಿನ ನಾನು ಹೋಗಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಡಬ್ಬಿ ತೊಟ್ಟಿಯ ಪಕ್ಕ ಇತ್ತು. ನಾನು ಮುಚ್ಚಳ ತೆಗೆದು ನೋಡಲಿಲ್ಲ, ಮಗಳನ್ನೇ ಕರೆದು ಕೇಳಿದೆ.

"ತಿಂದ್ಯಾ?"

"ಕೊನೀಗೆ ತಿಂದೆ. ಎರಡೇ ಉಳ್ದಿತ್ತು," ಎಂದಳು. "ನಾಳೆ ಜಾಸ್ತಿ ಹಾಕು, ಹೊಸಬ ಒಬ್ಬ ಸೇರಿದಾನೆ."