ಎರಡು ಕಾರ್ಡಿಗೊಂದು ಬೋರ್ಡ್

ಗಂಗಾನಗರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದವರು ಐವತ್ತು ದಾಟಿದ ಹೊಸ ದಂಪತಿ. ಇಬ್ಬರಿಗೂ ಎರಡನೇ ಮದುವೆಯೆಂದು ತಾವೇ ಹೇಳಿದರು. ಧಾರವಾಡದ ಆಕೆಯ ಮಡಿಲಲ್ಲಿ ಪರದೆಗೆ ಚಿತ್ರ ಮೂಡಿಸುವ ಹಳೇ ಗ್ರಾಫಿಕ್ಸ್ ಕಾರ್ಡೊಂದು. ತೀರಿಕೊಂಡ ಮೊದಲ ಗಂಡ ಆಕೆಗೆಂದು ಜೋಡಿಸಿಕೊಟ್ಟ ಕಂಪ್ಯೂಟರಿನಲ್ಲಿ ಕೆಡದೆ ಉಳಿದದ್ದು ಅದೊಂದೇ. ಈತನ ಕೈಯಲ್ಲಿ ತಾನು ಆಕೆಗೆ ಉಡುಗೊರೆ ಕೊಟ್ಟ ಹೊಸ ಕಾರ್ಡ್.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹಳೇದನ್ನ ಬಿಟ್ಬಿಡಿ ಮೇಡಂ, ಈಗಿನ ಮದರ್‌ಬೋರ್ಡಲ್ಲಿ ಅದು ಕೂರಲ್ಲ" ಅಂದೆ.

ಆಕೆ ಕಾರ್ಡನ್ನು ಸೆರಗಿನೊಳಗೆ ಎಳೆದುಕೊಂಡರು. ಈತ ನನ್ನತ್ತ ತಿರುಗಲೂ ಇಲ್ಲ. "ಎರಡೂ ಕೂರೋ ಬೋರ್ಡ್ ಹುಡುಕು ಗುರು" ಎಂದರು ಅಂಗಡಿಯವನಿಗೆ.

ಅವನು ಹಳೇ ಬೋರ್ಡುಗಳ ರಾಶಿ ಕೆದಕಿ ಒಂದನ್ನು ತೆಗೆದ. "ಇದ್ರಲ್ಲಿ ಹಳೇದಕ್ಕೂ ಜಾಗ ಇದೆ, ಹೊಸದಕ್ಕೂ ಇದೆ ಸಾರ್. ಆದ್ರೆ ಒಂದ್ಸಲಕ್ಕೆ ಒಂದೇ ಓಡೋದು."

"ಹಳೇದು ಸುಮ್ನೆ ಕೂತಿರ್ಲಿ ಬಿಡು" ಎಂದರು ಈತ.

"ಸುಮ್ನ ಯಾಕ ಕೂಡ್ಬೇಕ್ರಿ?" ಎಂದರು ಆಕೆ. "ರವಿವಾರ ಅದರ ಪಾಳಿ ಇರ್ಲಿ."

ಈತ ತಲೆ ಕೆರೆದುಕೊಂಡರು. "ಆಯ್ತಮ್ಮ. ಸೋಮವಾರದಿಂದ ಶನಿವಾರ ನಂದು."

ಆಕೆ ನಕ್ಕು, ಸೆರಗಿನಿಂದ ಹಳೇ ಕಾರ್ಡನ್ನು ತೆಗೆದು ಆತನ ಕೈಗೇ ಕೊಟ್ಟರು.

ಅಂಗೈಯಗಲ ಜಾಗಕ್ಕೆ ಜಗಳಾಡುವ ದೇಶಗಳನ್ನು ಎಷ್ಟೋ ಸುತ್ತಿದ್ದೇನೆ. ಸತ್ತವನಿಗೂ ಬದುಕಿರುವವನಿಗೂ ಇಷ್ಟು ಬೇಗ ರಾಜಿಯಾದದ್ದನ್ನು ಕಂಡದ್ದು ಇಲ್ಲೇ. ಅದರಲ್ಲೂ ಭಾನುವಾರದ ರಜೆ ಸಿಕ್ಕಿದ್ದು ಬದುಕಿರುವವನಿಗೆ.