ತೂಬೆತ್ತಿದ ಕೆರೆಯ ಪದ್ಯ

ಕಳೆದ ಫೆಬ್ರವರಿಯ ಮೊದಲ ಶನಿವಾರ ಸಂಜೆ, ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ಮೇಷ್ಟ್ರು ಗಮಕಿಗೆ ಹೀಗೆ ಹೇಳಿದರು: "ಆ ಪದ್ಯಾನ ನೀವು ಕಾಂಬೋದಿ ರಾಗದಲ್ಲಿ ಓದಿದ್ರೆ ನಾನು ವೇದಿಕೆಯಿಂದ ಎದ್ದು ಹೋಗ್ತೀನಿ." ಕೇಳುಗರು ಆಗಲೇ ಹೊರಟುಹೋಗಿದ್ದರು. ಉಳಿದಿದ್ದವರು ನಾಲ್ವರು: ಮೇಷ್ಟ್ರು, ಗಮಕಿ, ಸಂಘದ ಕಾರ್ಯದರ್ಶಿ, ನಾನು. ಆ ಪದ್ಯ ಮುಂದಿನ ಶನಿವಾರಕ್ಕೆ ಬರುವುದಿತ್ತು.

ಗಮಕದಲ್ಲಿ ವೇದಿಕೆಯ ಮೇಲೆ ಇಬ್ಬರು ಕೂರುತ್ತಾರೆ. ಒಬ್ಬರು ಹಳೆಯ ಕಾವ್ಯದ ಪದ್ಯವನ್ನು ರಾಗವಾಗಿ ಓದುತ್ತಾರೆ. ಇನ್ನೊಬ್ಬರು, ನಮ್ಮಲ್ಲಿ ಮೇಷ್ಟ್ರು, ಅರ್ಥ ಹೇಳುತ್ತಾರೆ. ಓದುವವರು ಅರ್ಥಕ್ಕೆ ಬಾಯಿ ಹಾಕುವಂತಿಲ್ಲ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೆ ಹನ್ನೆರಡು ವರ್ಷ ನಾನು ಎರಡನೇ ಸಾಲಿನಲ್ಲಿ ಕೂತು ಸಂಘದ ಪತ್ರಿಕೆಗಾಗಿ ಟಿಪ್ಪಣಿ ಬರೆದುಕೊಂಡಿದ್ದೇನೆ. ಅದು ಮುರಿದದ್ದನ್ನು ನೋಡಿರಲಿಲ್ಲ. ಹೀಗಾಗಿ ಓದುವವರಿಗೆ ಪದ್ಯದ ಬಗ್ಗೆ ಒಂದು ಅಭಿಪ್ರಾಯವಿದ್ದರೆ ಅದನ್ನು ಹೇಳಲು ಅವರ ಹತ್ತಿರ ಇರುವುದು ರಾಗವೊಂದೇ. ಮುಖಾರಿ ಹಿಡಿದರೆ ಸಭೆ ದುಃಖಕ್ಕೆ ಸಿದ್ಧವಾಗುತ್ತದೆ. ಕಾಂಬೋದಿ ಹಿಡಿದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತದೆ.

ಗಮಕಿ ಮಾವಳ್ಳಿಯ ಕಡೆಯ ಹೆಣ್ಣುಮಗಳು. ಅಕ್ಕಿಪೇಟೆ ಹತ್ತಿರದ ಒಂದು ಶಾಲೆಯಲ್ಲಿ ಗುಮಾಸ್ತೆ, ವಯಸ್ಸು ನಲವತ್ತರ ಆಚೆ. ಎಂಟು ವರ್ಷ ಅವರು ನಮ್ಮಲ್ಲಿ ಬದಲಿ ಗಮಕಿ. ಕಾಯಂ ಇದ್ದವರಿಗೆ ನೆಗಡಿಯಾದರೆ ಇವರಿಗೆ ಫೋನು. ಕಳೆದ ವರ್ಷ ಕಾಯಂ ಗಮಕಿ ಗಂಟಲಿನ ತೊಂದರೆಯಿಂದ ನಿಲ್ಲಿಸಿದರು. ಜೂನ್‌ನಲ್ಲಿ ಹೊಸ ಕಾವ್ಯ ಶುರು. ಆ ಜಾಗ ಯಾರಿಗೆ ಎಂಬುದನ್ನು ಮೇಷ್ಟ್ರು ಹೇಳಬೇಕಿತ್ತು. ಅವರು ಎದ್ದುಹೋದ ವೇದಿಕೆಯ ಗಮಕಿಯನ್ನು ಬಸವನಗುಡಿಯಲ್ಲಿರಲಿ, ಮಲ್ಲೇಶ್ವರದಲ್ಲೂ ಯಾರೂ ಕರೆಯುವುದಿಲ್ಲ ಎಂಬುದು ನಾಲ್ವರಿಗೂ ಗೊತ್ತಿತ್ತು.

ಪದ್ಯದ ಸಂದರ್ಭ ಇಷ್ಟು. ಒಬ್ಬ ರಾಜ ತನ್ನ ಮಗಳನ್ನು ನಿನ್ನೆಯವರೆಗೆ ಶತ್ರುವಾಗಿದ್ದವನಿಗೆ ಮದುವೆ ಮಾಡಿ ಕಳಿಸುತ್ತಾನೆ. ಪಲ್ಲಕ್ಕಿ ಕೋಟೆಯ ಬಾಗಿಲು ದಾಟುವಾಗ ರಾಜ ತೂಬೆತ್ತಿದ ಕೆರೆಯ ಹಾಗೆ ನಿಂತಿದ್ದ ಎನ್ನುತ್ತಾನೆ ಕವಿ. ಮೇಷ್ಟ್ರ ಪ್ರಕಾರ ಇದು ಕಣ್ಣೀರು. ಕೆರೆಯಿಂದ ನೀರು ಹೊರಬಿಡುವ ತೂಬನ್ನು ಎತ್ತಿದರೆ ಹರಿವಿಗೆ ತಡೆಯಿಲ್ಲ, ವಿಧಿಯ ಮುಂದೆ ರಾಜನೂ ಹಾಗೆಯೇ ಅಸಹಾಯಕ. ಇಡೀ ಕಾವ್ಯದ ವಸ್ತುವೇ ಅಸಹಾಯಕತೆ ಎಂದು ಮೂರು ವರ್ಷದಿಂದ ಅವರು ಹೇಳಿಕೊಂಡು ಬಂದಿದ್ದರು. ಈ ಪದ್ಯ ಅದಕ್ಕೆ ಕೀಲು. ಅವರು ಇದನ್ನು ವಿವರಿಸುವಾಗ ಜನ ಕಣ್ಣೊರೆಸಿಕೊಂಡದ್ದನ್ನು ಬೇರೆ ಸಭೆಗಳಲ್ಲಿ ನಾನೂ ಕಂಡಿದ್ದೇನೆ.

ಗಮಕಿಯ ತಾತ ಹಳ್ಳಿಯಲ್ಲಿ ನೀರುಗಂಟಿ. ಕೆರೆಯ ನೀರನ್ನು ಸರದಿಯ ಮೇಲೆ ಗದ್ದೆಗಳಿಗೆ ಬಿಡುವ ಕೆಲಸ.

"ಸಾರ್, ತೂಬು ತಾನಾಗೇ ಎತ್ಕೊಳಲ್ಲ," ಎಂದರು ಆಕೆ. "ನಮ್ತಾತ ಎದೆಮಟ್ಟ ನೀರಿಗಿಳಿದು ಎತ್ತೋರು. ಎಷ್ಟು ಗೇಣು ಎತ್ಬೇಕು ಅಂತ ಊರೋರು ಕೂತು ತೀರ್ಮಾನ ಮಾಡಿರೋರು. ಕೆರೆ ಅಳ್ತಿದೆ ಅನ್ಬೇಕಾದ್ರೆ ಏರಿ ಒಡೀತು ಅಂತಿದ್ದ ಕವಿ. ತುಂಬಿ ಕೋಡಿ ಬಿತ್ತು ಅಂತಿದ್ದ. ತೂಬು ಅಂದಿದಾನೆ. ರಾಜ ಲೆಕ್ಕ ಹಾಕೇ ಬಿಟ್ಟಿದಾನೆ ಸಾರ್ ಮಗಳನ್ನ."

ಕಾರ್ಯದರ್ಶಿ ನಿವೃತ್ತ ಇಂಜಿನಿಯರು, ಸುಮ್ಮನಿರಲಾರದವರು. "ನಮ್ ಬೀದಿ ವಾಲ್ವ್‌ಮ್ಯಾನೂ ಹಂಗೇ ಮೇಡಂ. ಗೇಣಲ್ಲ, ಎರಡೇ ಬೆರಳು ಎತ್ತಿ ಓಡ್ಹೋಗ್ತಾನೆ," ಎಂದರು.

"ನೀವು ಸ್ವಲ್ಪ ಸುಮ್ಮನಿರ್ರೀ," ಎಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿದರು. "ಸಬ್ ಎಡಿಟರ್ ಸಾಹೇಬ್ರೇ, ಹೇಳಿ. ಪಠ್ಯ ಏನನ್ನುತ್ತೆ?"

ಎರಡೂ ಅರ್ಥಕ್ಕೆ ಅವಕಾಶವಿದೆ ಎಂದೆ. ಮೂವತ್ತೊಂದು ವರ್ಷ ಸುದ್ದಿಮನೆಯಲ್ಲಿ ಎರಡೂ ಕಡೆಯವರ ಹೇಳಿಕೆ ಹಾಕಿದ ಅಭ್ಯಾಸ ಅದು. ಗಮಕಿ ನನ್ನನ್ನು ನೋಡಲಿಲ್ಲ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಚಾಮರಾಜಪೇಟೆಯ ಮನೆಗೆ ಬಂದು ಆ ಪದ್ಯವಿರುವ ಸಂಧಿಯನ್ನು ಮೊದಲಿಂದ ಓದಿದೆ, ವರದಿಗಾರನ ಪ್ರತಿ ತಿದ್ದುವ ಹಾಗೆ, ಹೇಳಿದ್ದೇನು, ನಾವು ಸೇರಿಸಿಕೊಂಡದ್ದೇನು ಎಂದು ಗೆರೆ ಎಳೆಯುತ್ತಾ. ಪದ್ಯದಲ್ಲಿ ಕಣ್ಣೀರು ಎಂಬ ಪದವೇ ಇರಲಿಲ್ಲ. ನಾನು ಮೇಷ್ಟ್ರ ಬಾಯಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅದು ಕವಿಯದೇ ಪದ ಎಂದುಕೊಂಡಿದ್ದೆ. ಹಿಂದಿನ ಪದ್ಯದಲ್ಲಿ ರಾಜ ಮಂತ್ರಿಗಳ ಜೊತೆ ಕೂತಿದ್ದಾನೆ. ಮುಂದಿನ ಪದ್ಯದಲ್ಲಿ ಗಡಿಯಲ್ಲಿದ್ದ ಸೈನಿಕರು ಊರಿಗೆ ಮರಳಿ ನೇಗಿಲು ಹುಡುಕುತ್ತಾರೆ. ಕೆರೆ ತಗ್ಗುತ್ತದೆ, ಗದ್ದೆ ತುಂಬುತ್ತದೆ. ಉಪಮೆಯ ಎರಡನೇ ಅರ್ಧ ಅಲ್ಲಿತ್ತು. ಆ ರಾಜನಿಗೆ ದುಃಖವಿಲ್ಲ ಎಂದೇನೂ ಅಲ್ಲ. ಆದರೆ ಅದು ತಾನೇ ಮಾಡಿದ ಕೆಲಸದ ದುಃಖ. ಹಾಗಿದ್ದರೆ ಅವನು ಅಸಹಾಯಕನಲ್ಲ, ಹೊಣೆಗಾರ.

ಬುಧವಾರ ಮೇಷ್ಟ್ರಿಗೆ ಫೋನು ಮಾಡಿ ಇದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಪೇಪರ್‌ನಲ್ಲಿ ತಪ್ಪಾದ್ರೆ ತಿದ್ದುಪಡೀನ ಒಳಪುಟದಲ್ಲಿ ಹಾಕ್ತಿದ್ರಿ ಅಲ್ವೇ?"

"ಹೌದು ಸಾರ್."

"ನನಗೆ ಒಳಪುಟ ಇಲ್ಲ," ಎಂದು ಫೋನಿಟ್ಟರು.

ಗುರುವಾರ ಗಮಕಿಗೆ ಫೋನು ಮಾಡಿದೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದರು, ಗದ್ದಲ. ಪಠ್ಯ ನಿಮ್ಮ ಕಡೆಗಿದೆ ಎಂದೆ. "ಇದನ್ನ ಅವತ್ತೇ ಅಲ್ಲೇ ಹೇಳ್ಬೇಕಿತ್ತು ನೀವು," ಎಂದರು. ಏನು ಮಾಡುತ್ತೀರಿ ಎಂದು ಕೇಳಿದೆ. "ಗೊತ್ತಿಲ್ಲ. ಎರಡು ರಾಗದಲ್ಲೂ ಓದ್ನೋಡ್ತಿದೀನಿ. ಮುಖಾರೀಲಿ ಓದಿದ್ರೆ ಆ ಹುಡುಗಿ ಹೆಸರೇ ಕೇಳ್ಸಲ್ಲ ಸಾರ್, ಬರೀ ಅಪ್ಪನ ಗೋಳು." ಬಸ್ಸು ಬಂತು.

ಶನಿವಾರ ಐದೂಮುಕ್ಕಾಲಿಗೆ ಕುರ್ಚಿಗಳು ತುಂಬಿದ್ದವು. ಸದ್ದು ಮಾಡುತ್ತದೆಂದು ಫ್ಯಾನು ನಿಲ್ಲಿಸಿದ್ದರು. ಇಬ್ಬರ ನಡುವೆ ಬಿಸಿನೀರಿನ ಫ್ಲಾಸ್ಕು, ಒಂದೇ ಮೈಕು. ಮೊದಲ ಮೂರು ಪದ್ಯಗಳನ್ನು ಗಮಕಿ ಮುಖಾರಿಯಲ್ಲೇ ಓದಿದರು. ಮೇಷ್ಟ್ರು ಎಂದಿನಂತೆ ಅರ್ಥ ಹೇಳಿದರು, ದನಿ ಸ್ವಲ್ಪ ಮೇಲಿತ್ತು. ಮುಂದಿನದು ಆ ಪದ್ಯ. ಗಮಕಿ ನೀರು ಕುಡಿದರು. ಹಾಳೆ ತಿರುವಿದರು. ಮೇಷ್ಟ್ರು ಗೋಡೆಗೊರಗಿಸಿದ್ದ ಊರುಗೋಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನ ಪಕ್ಕದಲ್ಲಿದ್ದ ಕಾರ್ಯದರ್ಶಿ, "ಅಯ್ಯೋ," ಎಂದರು ಮೆಲ್ಲಗೆ.

ಗಮಕಿ ಕಾಂಬೋದಿಯನ್ನು ಕೆಳಗಿನ ಸ್ವರದಿಂದ ಹಿಡಿದು, ಯಾವ ಅಲಂಕಾರವೂ ಇಲ್ಲದೆ ಪದ್ಯವನ್ನು ಮುಗಿಸಿದರು. ಕೊನೆಯ ಸಾಲನ್ನು ರೂಢಿಯಂತೆ ಎರಡು ಸಲ ಓದಿದರು. ಎರಡನೆಯ ಸಲವೂ ರಾಗ ಬದಲಾಗಲಿಲ್ಲ.

ಮೇಷ್ಟ್ರು ಪುಸ್ತಕ ಮುಚ್ಚಿದರು. ಕೋಲೂರಿ ಅರ್ಧ ಎದ್ದರು. ಹಾಗೇ ಒಂದು ಕ್ಷಣ ನಿಂತು, ಮತ್ತೆ ಕೂತು, ಮೈಕನ್ನು ಗಮಕಿಯ ಕಡೆ ತಳ್ಳಿದರು.

"ಈ ಪದ್ಯದ ಅರ್ಥ ಇವರೇ ಹೇಳಲಿ."

ಅದು ಶಿಕ್ಷೆಯೋ ಅವಕಾಶವೋ ಅವರ ಮುಖ ನೋಡಿ ನನಗೆ ಗೊತ್ತಾಗಲಿಲ್ಲ. ಗಮಕಿಗೂ ಗೊತ್ತಾದಂತಿರಲಿಲ್ಲ. ಅವರ ಕೈ ಮೈಕಿನ ಹತ್ತಿರ ಬಂದು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ, "ಇದೇನ್ರೀ ಹೊಸ ಪದ್ಧತಿ?" ಎಂದರು.

"ತೂಬು ಅನ್ನೋದು," ಎಂದು ಗಮಕಿ ಶುರು ಮಾಡಿದರು. ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಲಿಲ್ಲ. ಕಲ್ಲಿನ ಎರಡು ಕಂಬ, ನಡುವೆ ಬೆಣೆ, ನೀರಿಗಿಳಿಯುವ ಮನುಷ್ಯ, ಅವನಿಗೆ ಅಪ್ಪಣೆ ಕೊಟ್ಟ ಪಂಚಾಯ್ತಿ. ರಾಜ ಅತ್ತನೋ ಇಲ್ಲವೋ ಕವಿ ಹೇಳಿಲ್ಲ, ಯಾರು ಎತ್ತಿದ್ದು ಅಂತ ಮಾತ್ರ ಹಿಂದಿನ ಪದ್ಯದಲ್ಲೇ ಹೇಳಿದ್ದಾನೆ ಎಂದರು. ಮೈಕನ್ನು ಹಿಂದಕ್ಕೆ ಸರಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ.

ಮೇಷ್ಟ್ರು ಪುಸ್ತಕ ತೆರೆದು ಪುಟ ಹುಡುಕಿದರು. "ಮುಂದಿನ ಪದ್ಯ," ಎಂದರು.

ಅಂದು ಅವರು ಕಾಫಿಗೆ ನಿಲ್ಲಲಿಲ್ಲ. ಫೆಬ್ರವರಿಯ ಉಳಿದ ಶನಿವಾರಗಳಿಗೂ ಮಾರ್ಚ್‌ನ ಶನಿವಾರಗಳಿಗೂ ಬಂದರು, ಕಾವ್ಯ ಮುಗಿಸಿದರು, ಗಮಕಿಯ ಜೊತೆ ಪದ್ಯದ ಸಂಖ್ಯೆ ಬಿಟ್ಟು ಬೇರೇನೂ ಮಾತಾಡಲಿಲ್ಲ. ಕಾಯಂ ಜಾಗದ ಬಗ್ಗೆ ಕಾರ್ಯದರ್ಶಿ ಎರಡು ಸಲ ಅವರ ಮನೆಗೆ ಹೋಗಿ ಬಂದರು. ಎರಡು ಸಲವೂ ಬರೀ ಮಜ್ಜಿಗೆ ಕುಡಿದು ಬಂದೆ ಎಂದರು.

ಜೂನ್‌ನಿಂದ ಶುರುವಾಗುವ ಹೊಸ ಕಾವ್ಯದ ಆಮಂತ್ರಣ ನಿನ್ನೆ ಅಂಚೆಯಲ್ಲಿ ಬಂತು. ವಾಚನದ ಮುಂದೆ ಗಮಕಿಯ ಹೆಸರಿದೆ. ವ್ಯಾಖ್ಯಾನದ ಮುಂದೆ, ಮೇಷ್ಟ್ರ ಹೆಸರಿರುತ್ತಿದ್ದ ಜಾಗದಲ್ಲಿ, ಏನೂ ಅಚ್ಚಾಗಿಲ್ಲ.